ಹತ್ತು ನಿಮಿಷದ ಕಾವಲು

ಫೆಬ್ರವರಿ ೯

ಚಿಪ್ಪಿ,

ಫೋನು ಮಾಡಬೇಡ, ಕಾಗದ ಬರಿ ಎಂದವಳು ನೀನೇ. ಲಿಫ್ಟ್ ಕಂಪನಿಯ ಕೆಲಸಕ್ಕೆ ಸೇರಿದ ಮೇಲೆ ಮಹಾರಾಯ್ತಿಗೆ ಹಗಲು ಪುರುಸೊತ್ತಿಲ್ಲ, ಸಂಜೆ ಮಾತಿಗೆ ಕೂತರೆ ಇಬ್ಬರೂ ಕೆಲಸದ ಮಾತು ಬಿಟ್ಟು ಹರಟೆಗೆ ಬೀಳುತ್ತೇವೆ. ಸರಿ, ಬರೆಯುತ್ತಿದ್ದೇನೆ. ಸರ್ಕ್ಯೂಟ್ ಬಿಡಿಸುವ ಕೈ ಇದು, ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಎಂದು ನಗಬೇಡ.

ಸುದ್ದಿ ಚೆನ್ನಾಗಿಲ್ಲ. ಅಮ್ಮನ ಸ್ಪೀಕರ್ ಸುಟ್ಟುಹೋಯಿತು. ಎಡಗಡೆಯದು.

ಭಾನುವಾರ ಅಪ್ಪ ಹಾಡು ಹಾಕಿಕೊಂಡು ಕೂತಿದ್ದರು. ಮೂರನೆಯದೋ ನಾಲ್ಕನೆಯದೋ ಹಾಡು. ದಡ್ ಎಂದು ಒಂದು ಸದ್ದು, ಆಮೇಲೆ ಕಮಟು ವಾಸನೆ. ನಾನು ಮಹಡಿಯಿಂದ ಓಡಿ ಬರುವಷ್ಟರಲ್ಲಿ ಅಪ್ಪ ಸ್ವಿಚ್ಚು ಆರಿಸಿ ಸ್ಪೀಕರಿನ ಮುಂದೆ ನೆಲದ ಮೇಲೆ ಕೂತಿದ್ದರು. ನಿನಗೆ ಗೊತ್ತಲ್ಲ, ಅಮ್ಮ ಸ್ಪೀಕರ್ ಕಾರ್ಖಾನೆಯ ಕೆಲಸ ಬಿಡುವಾಗ ತನ್ನ ಕೈಯಾರೆ ಕಾಯಿಲ್ ಸುತ್ತಿದ ಜೋಡಿ ಅದು. ಅವಳ ಕೈಕೆಲಸ ಅಂತ ಈ ಮನೆಯಲ್ಲಿ ಉಳಿದಿದ್ದು ಅದೊಂದೇ. ಬಿಚ್ಚಿ ನೋಡಿದೆ. ತಂತಿ ಇದ್ದಿಲಾಗಿದೆ. ನಾನು ಅತ್ತೆ. ಅಪ್ಪ ಮಾತ್ರ, "ಹೋಗ್ಲಿ ಬಿಡು, ಎಷ್ಟು ವರ್ಷದ್ದು" ಎಂದು ಒಳಗೆ ಹೋದರು. ಸಿನಿಮಾ ಮಂದಿರದಲ್ಲಿ ಜೀವನವಿಡೀ ಸೌಂಡ್ ನೋಡಿಕೊಂಡ ಮನುಷ್ಯ, ಒಂದು ಮಾತು ಬೈಯಲಿಲ್ಲ.

ಈಗ ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಬರೆದರೆ ನನ್ನ ತಲೆ ತಿಳಿಯಾಗುತ್ತದೆ. ನನ್ನ ಆಂಪ್ಲಿಫೈಯರ್ ಬೋರ್ಡಿನಲ್ಲಿ ಒಂದು ಟ್ರಾನ್ಸಿಸ್ಟರ್ ಸತ್ತಿದೆ. ಹುಟ್ಟಿದ ಟ್ರಾನ್ಸಿಸ್ಟರ್ ಒಂದು ದಿನ ಸಾಯಲೇಬೇಕು. ಸತ್ತಾಗ ಹಾಡಿನ ಬದಲು ಬರಿ ಡಿಸಿ ಕರೆಂಟು ಸ್ಪೀಕರಿಗೆ ನುಗ್ಗಿ ಕಾಯಿಲನ್ನು ಸುಡುತ್ತದೆ. ಹಾಗಾಗಬಾರದು ಎಂದೇ ಸ್ಪೀಕರಿನ ದಾರಿಯಲ್ಲಿ ರಿಲೇ ಇಟ್ಟು, ಕಾವಲಿಗೆ ನೀನು ಪ್ರೋಗ್ರಾಂ ಬರೆದ ಚಿಪ್ ಕೂರಿಸಿದ್ದು. ಡಿಸಿ ಕಂಡ ಕೂಡಲೇ ಚಿಪ್ ಹೇಳಬೇಕು, ರಿಲೇ ಟಕ್ ಎಂದು ದಾರಿ ಕಡಿಯಬೇಕು. ಕಡಿಯಲಿಲ್ಲ. ಯಾಕೆ?

ನನ್ನದೇ ಏನೋ ತಪ್ಪಿರಬೇಕು. ನನ್ನ ಕೈ ಮೇಲೆ ನನಗೆ ಅನುಮಾನ ಬಂದೀತು, ನಿನ್ನ ಪ್ರೋಗ್ರಾಂ ಮೇಲೆ ಬರುವುದಿಲ್ಲ. ಆದರೆ ನಮ್ಮ ಬೋರ್ಡು, ನಿನ್ನ ಚಿಪ್ ತರಿಸಿಕೊಂಡು ಮನೆಯಲ್ಲೇ ಬೆಸುಗೆ ಹಾಕಿ ಕಟ್ಟಿಕೊಂಡ ಅಷ್ಟೂ ಜನರ ಮನೆಯಲ್ಲಿ ಹೀಗೇ ಆದರೆ ಏನು ಗತಿ? ಬೇಗ ಬರಿ.

ನಿನ್ನ
ಫ್ಯೂಸು


ಫೆಬ್ರವರಿ ೨೦

ಪ್ರೀತಿಯ ಫ್ಯೂಸು,

ನಿನ್ನ ಕಾಗದವನ್ನು ಎರಡೆರಡು ಸಲ ಓದಿದೆ. ನಿಮ್ಮಮ್ಮನ ಸ್ಪೀಕರ್ ವಿಷಯ ಓದಿ ಊಟ ಸೇರಲಿಲ್ಲ. ಅಪ್ಪ ಹೇಗಿದ್ದಾರೆ? ಬೇಜಾರು ಮಾಡಿಕೊಂಡಿದ್ದಾರಾ? ಏನಾದರೂ ಹೇಳಿದರಾ?

ನನಗನ್ನಿಸುವುದು ರಿಲೇಯ ದೋಷ. ಒಳಗಿನ ತಗಡುಗಳು ಬಿಸಿಗೆ ಒಂದಕ್ಕೊಂದು ಅಂಟಿಕೊಂಡರೆ, ಚಿಪ್ ಎಷ್ಟು ಬಡಕೊಂಡರೂ ಅದು ಬಿಡುವುದಿಲ್ಲ. ಹೊಸ ರಿಲೇ ಹಾಕಿ ನೋಡು. ಸಾಧ್ಯವಾದರೆ ಬೇರೆ ಅಂಗಡಿಯದು ತಗೋ.

ಇಲ್ಲಿ ಕೆಲಸ ಜಾಸ್ತಿ. ಮೈ ಹುಷಾರು.

ನಿನ್ನ
ಚಿಪ್ಪಿ


ಮಾರ್ಚ್ ೧೭

ಚಿಪ್ಪಿ,

ಹೊಸ ರಿಲೇ ಹಾಕಿದೆ. ಹಾಕುವ ಮೊದಲು ರಿಲೇ ಕೊಟ್ಟ ಅಂಗಡಿಯವರ ಹತ್ತಿರ ಹೋಗಿ, ಗಿರಾಕಿಗಳ ಮುಂದೆಯೇ, ಸತ್ತ ಸರಕು ಮಾರುತ್ತೀರಿ ಎಂದು ಕೂಗಾಡಿದೆ. ಅವರು ಬಡಪಾಯಿ, "ಮೇಡಂ, ಬಿಚ್ಚಿ ತೋರ್ಸಿ, ಅಂಟಿದ್ರೆ ಅಂಗಡಿ ಮುಚ್ಚಿಬಿಡ್ತೀನಿ" ಅಂದರು. ಬಿಚ್ಚಿದೆವು. ಅಂಟಿರಲಿಲ್ಲ. ತಗಡು ಕನ್ನಡಿಯಂತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತಾರಲ್ಲ, ಆ ಬರೆ ಹಾಕುವ ಕೆಲಸವನ್ನು ನನ್ನ ಕೈಲಿ ಮಾಡಿಸಿದೆ.

ಆಮೇಲೆ ಅಪ್ಪನ ಆಂಪ್ಲಿಫೈಯರಿನಿಂದ ಚಿಪ್ ಕಿತ್ತು ನನ್ನ ಮೇಜಿನ ಬೋರ್ಡಿಗೆ ಹಾಕಿದೆ. ಬಕರಾನನ್ನು ಜೋಡಿಸಿದೆ. ಗುಜರಿಯಿಂದ ತಂದ ಆ ಹರಕು ಸ್ಪೀಕರ್ ನಮ್ಮ ಪ್ರತಿ ಬೋರ್ಡಿಗೂ ತಲೆ ಒಡ್ಡಿ ಬದುಕಿದೆ, ಅದಕ್ಕೆ ಆ ಹೆಸರಿಟ್ಟವಳು ನೀನು. ಸ್ವಿಚ್ಚು ಹಾಕಿ, ರಿಲೇ ದಾರಿ ತೆರೆದ ಕೂಡಲೇ ಚಿಮಟದಿಂದ ಟ್ರಾನ್ಸಿಸ್ಟರಿನ ಕಾಲುಗಳನ್ನು ಕೂಡಿಸಿ ಡಿಸಿ ನುಗ್ಗಿಸಿದೆ. ಟಕ್. ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿಯಿತು. ಇನ್ನೊಮ್ಮೆ ಮಾಡಿದೆ, ಟಕ್. ಎಂದಿನ ಹಾಗೇ.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಾಗಿಲು ಬಡಿದು, ನೀರಿನ ಪೈಪು ಒಡೆದ ಕಥೆಯನ್ನು ಆದಿಯಿಂದ ಅಂತ್ಯದವರೆಗೆ ಹೇಳಿದರು. ಆಕೆಯ ಬಾಯಿಗೆ ಯಾವ ರಿಲೇಯೂ ಇಲ್ಲ. ವಾಪಸು ಬಂದಾಗ ಬೋರ್ಡಿಗೆ ಕರೆಂಟು ಹರಿಯುತ್ತಲೇ ಇತ್ತು. ಸುಮ್ಮನೆ, ಕೈ ಚಟಕ್ಕೆ, ಮತ್ತೊಮ್ಮೆ ಚಿಮಟ ಮುಟ್ಟಿಸಿದೆ. ರಿಲೇ ಬಿಡಲಿಲ್ಲ. ಬಕರಾನ ಕಾಗದ ಹೊರಗೆ ಉಬ್ಬಿ ನಿಂತಿತು, ಹೊಗೆ ಬಂತು, ಆಮೇಲೆ ನಿಧಾನವಾಗಿ ಟಕ್ ಅಂದಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಹಾಗೆ.

ಆಮೇಲೆ ಇದನ್ನೇ ಗಡಿಯಾರ ಇಟ್ಟುಕೊಂಡು ಮಾಡಿದೆ. ಮೊದಲ ಹತ್ತು ನಿಮಿಷ ನಿನ್ನ ಚಿಪ್ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತದೆ. ಹತ್ತು ನಿಮಿಷ ಕಳೆದ ಮೇಲೆ ನಿದ್ದೆ ಹೊಡೆಯುತ್ತದೆ. ಬೇರೆ ನಾಲ್ಕು ಚಿಪ್ ಹಾಕಿ ನೋಡಿದೆ, ಎಲ್ಲದರ ಹಣೆಬರಹ ಒಂದೇ.

ಇದು ತಪ್ಪಿ ಆಗುವುದಲ್ಲ ಕಣೇ. ಹತ್ತು ನಿಮಿಷ ಎಂದು ಯಾರೋ ಬರೆಯಬೇಕು. ಬರೆಯುವವಳು ನೀನೊಬ್ಬಳೇ.

ಅಪ್ಪನಿಗೆ ಹೇಳಿದೆ. ಅವರು ಕೈಲಿದ್ದ ಲೋಟ ಇಟ್ಟು, "ಅವಳನ್ನ ಬೈಬೇಡ" ಎಂದು ಎದ್ದುಹೋದರು. ನಿನ್ನ ಮೇಲೆ ಅವರಿಗೆ ಅಷ್ಟು ಮಮತೆ.

ಯಾಕೆ ಮಾಡಿದೆ?

ಫ್ಯೂಸು


ಏಪ್ರಿಲ್ ೨

ಫ್ಯೂಸು,

ಹೌದು. ನೀನು ಕಂಡುಹಿಡಿದಿದ್ದು ನಿಜ. ರಿಲೇ ಅಂಟಿದೆ ಎಂದು ಬರೆದದ್ದು ಸುಳ್ಳು, ಬರೆಯುವಾಗಲೇ ಗೊತ್ತಿತ್ತು. ಅಂಗಡಿಯವರಿಗೆ ನಾನೇ ಕಾಗದ ಹಾಕಿ ತಪ್ಪೊಪ್ಪಿಕೊಳ್ಳುತ್ತೇನೆ.

ಯಾಕೆ ಎಂದು ಕೇಳಿದ್ದೀಯ. ಕೇಳುವವರ ಕೂಟ ನೆನಪಿದೆಯಾ? ನಮ್ಮ ಬೋರ್ಡು ಕಟ್ಟಿಕೊಂಡವರೆಲ್ಲ ಸೇರಿದ್ದರು. ಹಲ್ಲಿನ ಡಾಕ್ಟರು ಎದ್ದು, "ಇದೇನ್ರೀ, ಡ್ರಮ್ಮು ಜೋರಾದಾಗೆಲ್ಲ ಉಸಿರು ನಿಲ್ಲಿಸುತ್ತೆ?" ಅಂದರು. ದಪ್ಪ ಸದ್ದು ಬಂದಾಗ ನನ್ನ ಪ್ರೋಗ್ರಾಂ ಅದನ್ನೇ ಡಿಸಿ ಎಂದು ತಿಳಿದು ರಿಲೇ ಬಿಡಿಸುತ್ತಿತ್ತು. ನೀನು ಎಲ್ಲರೆದುರು ನನ್ನ ಭುಜ ತಟ್ಟಿ, "ಅದು ನಮ್ಮ ಚಿಪ್ಪಿಯ ಪುಕ್ಕಲುತನ, ನನ್ನ ಬೋರ್ಡಿಗೇನೂ ಭಯ ಇಲ್ಲ" ಅಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮರುದಿನ ನಿನ್ನ ಮೇಜಿಗೆ ಬಂದು ಹೇಳಿದೆ: ಚಿಪ್ಪಿನ ಕಾಲಿನ ಹತ್ತಿರ ಒಂದು ಕೆಪಾಸಿಟರ್ ಹಾಕು, ಡ್ರಮ್ಮಿನ ಹೊಡೆತ ಯಾವುದು, ನಿಜವಾದ ಡಿಸಿ ಯಾವುದು ಎಂದು ಚಿಪ್‌ಗೆ ಬೇರೆಯಾಗಿ ಕಾಣುತ್ತದೆ. ನೀನು ತಲೆ ಎತ್ತದೆ, "ಬೋರ್ಡು ಮುಗೀತು, ಇನ್ನು ಸಾಸಿವೆಯಷ್ಟೂ ಸೇರಿಸಲ್ಲ, ಬೇಕಾದ್ರೆ ನಿನ್ನ ಪ್ರೋಗ್ರಾಂ ಸರಿ ಮಾಡ್ಕೋ" ಅಂದೆ.

ಮಾಡಿಕೊಂಡೆ. ಹತ್ತು ನಿಮಿಷದವರೆಗೆ ಬಿಗಿ. ಆಮೇಲೆ ಡಿಸಿ ಬಂದರೂ ಕೆಲವು ಸೆಕೆಂಡು ಕಾದು ನೋಡು ಎಂದು ಬರೆದೆ. ಡ್ರಮ್ಮು ನಿಲ್ಲಲಿಲ್ಲ, ದೂರು ನಿಂತಿತು. ಟ್ರಾನ್ಸಿಸ್ಟರ್ ಸಾಯುವುದು ಅಪರೂಪ, ಸತ್ತರೂ ಹೆಚ್ಚಾಗಿ ಸ್ವಿಚ್ಚು ಹಾಕಿದ ಹೊಸದರಲ್ಲಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಇದನ್ನು ಸಮರ್ಥನೆ ಅಂದುಕೊಳ್ಳಬೇಡ. ನೀನು ಕೇಳಿದೆ, ಹೇಳಿದೆ.

ಚಿಪ್ಪಿ


ಏಪ್ರಿಲ್ ೯

ಚಿಪ್ಪಿ,

ನಾಲಿಗೆ ಹರಿತ ಅಂತ ಈ ಊರಿಗೇ ಗೊತ್ತು. ಅಂದೆ, ನೀನು ಅತ್ತೆಯಾ, ಬೈದೆಯಾ, ಚಿಮಟ ಎಸೆದೆಯಾ? ಕೆಪಾಸಿಟರ್ ಬೇಡ ಅಂದಿದ್ದೂ ನಿಜ. ಒಂದು ಸಲ ಬೇಡ ಅಂದೆ. ನೀನು ಇನ್ನೊಂದು ಸಲ ಬಂದು ನನ್ನ ಜುಟ್ಟು ಹಿಡಿದು ಜಗಳ ಆಡಬೇಕಿತ್ತು. ಕಾಲೇಜಿನಿಂದ ಅದನ್ನೇ ತಾನೇ ಮಾಡಿಕೊಂಡು ಬಂದಿದ್ದು?

ನೀನು ಬರೆಯದೆ ಬಿಟ್ಟಿದ್ದೊಂದಿದೆ, ಅದನ್ನು ನಾನು ಬರೆಯುತ್ತೇನೆ. ಹತ್ತೇ ನಿಮಿಷ ಯಾಕೆ? ಯಾಕೆಂದರೆ ನಾನು ಹತ್ತು ನಿಮಿಷ ಒಂದು ಕಡೆ ಕೂರುವವಳಲ್ಲ. ಸ್ವಿಚ್ಚು ಹಾಕಿದ ಕೂಡಲೇ ಚಿಮಟ ಚುಚ್ಚುತ್ತೇನೆ, ಟಕ್ ಅಂದರೆ ಪಾಸು, ಮುಂದಿನ ಬೋರ್ಡು. ಅದು ನಿನಗೆ ಗೊತ್ತಿತ್ತು. ನನ್ನ ಈ ಚಾಳಿಯನ್ನು ಬಲ್ಲವರು ಲೋಕದಲ್ಲಿ ಇಬ್ಬರೇ, ಅಪ್ಪ ಮತ್ತು ನೀನು. ನೀನು ನಿನ್ನ ಕಳ್ಳಮಾಲನ್ನು ಎಲ್ಲೋ ಬಚ್ಚಿಡಲಿಲ್ಲ, ನನ್ನ ಅವಸರದೊಳಗೆ ಬಚ್ಚಿಟ್ಟೆ. ಅದೇ ನನಗೆ ನುಂಗಲಾರದ ತುತ್ತಾಗಿದೆ. ಸ್ಪೀಕರ್ ಸುಟ್ಟಿದ್ದಕ್ಕಿಂತ ಹೆಚ್ಚು ಉರಿಯುತ್ತಿರುವುದು ಅದು.

ಒಂದೊಂದು ಬೋರ್ಡು ಪಾಸಾದಾಗಲೂ ನೀನು ಪಕ್ಕದಲ್ಲೇ ನಿಂತು ಚಪ್ಪಾಳೆ ತಟ್ಟುತ್ತಿದ್ದೆ. ಬೇಲಿಯೇ ಎದ್ದು ಹೊಲ ಮೇಯುವಾಗ ಚಪ್ಪಾಳೆ ಬೇರೆ.

ನಿಮ್ಮ ಕಂಪನಿಯ ಲಿಫ್ಟುಗಳು ಮೊದಲ ಹತ್ತು ಮಹಡಿ ಮಾತ್ರ ಜೋಪಾನ ಅಂತ ಬರೆದಿಲ್ಲ ತಾನೇ? ನಾನು ಮೆಟ್ಟಿಲು ಹತ್ತುತ್ತೇನೆ.

ಕಟ್ಟಿಕೊಂಡವರಿಗೆಲ್ಲ ನಿಜ ಹೇಳಿ, ಹೊಸ ಚಿಪ್ ಬರುವವರೆಗೆ ಆಂಪ್ಲಿಫೈಯರ್ ಹಾಕಬೇಡಿ ಎಂದು ತಿಳಿಸಿದ್ದೇನೆ. ಯಾರ ತಪ್ಪು ಎಂದು ಇನ್ನೂ ಬರೆದಿಲ್ಲ. ಅದನ್ನು ನೀನು ಬರಿ. ಹೊಸ ಪ್ರೋಗ್ರಾಂ ಬರೆದ ಚಿಪ್ ಕಳಿಸು. ಅದರ ಜೊತೆ ಪ್ರೀತಿಯ ಮಾತೇನೂ ಬೇಡ.

ಬೋರ್ಡು ಬಿಡಿಸುವವಳು


ಮೇ ೨೮

ಫ್ಯೂಸು,

ಚಿಪ್‌ಗಳು ಈ ಡಬ್ಬದಲ್ಲಿವೆ. ಮೊದಲಿನ ಪ್ರೋಗ್ರಾಂ, ಪುಕ್ಕಲು ಪ್ರೋಗ್ರಾಂ. ಎಷ್ಟು ಹೊತ್ತಾದರೂ ಬಿಗಿಯಾಗಿಯೇ ಇರುತ್ತದೆ. ಕೆಪಾಸಿಟರ್ ಹಾಕಿದರೆ ಡ್ರಮ್ಮಿಗೂ ನಿಲ್ಲುವುದಿಲ್ಲ, ಹಾಕದಿದ್ದರೆ ನಿಲ್ಲುತ್ತದೆ. ಈ ಸಲ ಚಿಪ್‌ಗೆ ಬೀಗ ಹಾಕಿಲ್ಲ, ಒಳಗಿರುವುದನ್ನು ಯಾರು ಬೇಕಾದರೂ ತೆಗೆದು ಓದಬಹುದು.

ಬೋರ್ಡು ಕಟ್ಟಿಕೊಂಡವರ ಗುಂಪಿನಲ್ಲಿ ನನ್ನ ಹೆಸರಿನಲ್ಲೇ ಬರೆದಿದ್ದೇನೆ. ನೀನು ಓದಿರುತ್ತೀಯ.

ದಯವಿಟ್ಟು ಈ ಸಲ ಕಾದು ನೋಡು.

ಚಿಪ್ಪಿ


ಜೂನ್ ೧೬

ಚಿಪ್ಪಿ,

ಕಾದೆ.

ಮಧ್ಯಾಹ್ನ ಊಟ ಆದ ಮೇಲೆ ನಿನ್ನ ಹೊಸ ಚಿಪ್ ಹಾಕಿ, ಬಕರಾ ಸತ್ತಿದ್ದರಿಂದ ಗುಜರಿಯಿಂದ ಅದರ ತಮ್ಮನನ್ನು ತಂದು ಜೋಡಿಸಿ, ಸ್ವಿಚ್ಚು ಹಾಕಿ, ಚಿಮಟ ಹಿಡಿದು ಕೂತೆ. ಸುಮ್ಮನೆ ಕೂರುವುದು ಎಷ್ಟು ಕಷ್ಟ ಎಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಮೇಜಿನ ಮೇಲೆ ಬಿದ್ದ ಸೀಸದ ಹನಿಗಳನ್ನೆಲ್ಲ ಉಗುರಿನಿಂದ ಕೆರೆದೆ. ಅಪ್ಪ ಬಂದು ಎದುರಿನ ಸ್ಟೂಲಿನ ಮೇಲೆ ಕೂತರು.

"ಏನ್ ಮಾಡ್ತಿದ್ದೀಯ?"

"ಕಾಯ್ತಿದ್ದೀನಿ."

"ನೀನಾ?" ಅಂದರು. ನಗಲಿಲ್ಲ. ಸ್ಟೂಲನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ತಾವಾಗಿಯೇ ಶುರು ಮಾಡಿದರು. ಅವರಾಡಿದ್ದನ್ನು ಹಾಗೇ ಬರೆಯುತ್ತೇನೆ, ನನ್ನ ಮಾತು ಬೆರೆಸುವುದಿಲ್ಲ.

"ಅದು ಪದೇಪದೇ ನಿಂತುಹೋಗೋದು ಕಣಮ್ಮ. ನಿಮ್ಮಮ್ಮನ ಸ್ಪೀಕರಿನ ಸುಖ ಇರೋದೇ ಆ ದಪ್ಪ ಸದ್ದಿನಲ್ಲಿ, ಸರಿಯಾಗಿ ಅಲ್ಲೇ ಟಕ್ ಅನ್ನೋದು. ನಿನಗೊಂದ್ಸಲ ಹೇಳ್ದೆ. ಸೌಂಡ್ ಕಡಿಮೆ ಇಟ್ಕೊಳ್ಳಿ ಅಂದೆ ನೀನು. ಇನ್ನೊಂದ್ಸಲ ಹೇಳೋಕೆ ಭಯ ಆಯ್ತು. ನೀನು ಮಾತು ಮುಗಿಯೋದ್ರೊಳಗೆ ಉರಿದುಬಿಡ್ತೀಯ. ಆ ಹುಡುಗಿ ಬಂದಾಗ ಕೇಳ್ದೆ. ಏನಾದ್ರೂ ಮಾಡಿಕೊಡಮ್ಮ, ಇವಳಿಗೆ ಗೊತ್ತಾಗೋದು ಬೇಡ ಅಂದೆ. ಅವಳು ಒಪ್ಪಲಿಲ್ಲ. ಪರೀಕ್ಷೆ ಮಾಡ್ತಾಳೆ, ಸಿಕ್ಕಿಬೀಳ್ತೀನಿ ಅಂದ್ಲು. ನಾನೇ ಹೇಳಿಕೊಟ್ಟೆ. ನನ್ನ ಮಗಳು ಹತ್ತು ನಿಮಿಷ ಒಂದು ಕಡೆ ಕೂರಲ್ಲ, ಅಲ್ಲಿವರೆಗೂ ಸರಿಯಾಗಿರ್ಲಿ ಸಾಕು ಅಂದೆ."

ನಾನು ಚಿಮಟ ಹಿಡಿದು ಕೂತೇ ಇದ್ದೆ. ನಂಬುತ್ತೀಯಾ, ನಾನು.

"ನಿಮ್ಮಮ್ಮನ ಕಾಯಿಲನ್ನ ನಾನೇ ಸುಟ್ಟೆ" ಅಂದರು. ಕನ್ನಡಕ ತೆಗೆದು ಒರೆಸಿ, ಹಾಕಿಕೊಳ್ಳದೆ ಹಾಗೇ ಕೈಯಲ್ಲಿ ಹಿಡಿದುಕೊಂಡರು.

ಹತ್ತು ನಿಮಿಷ ಯಾವಾಗಲೋ ದಾಟಿತ್ತು. ಚಿಮಟ ಮುಟ್ಟಿಸಿದೆ. ಟಕ್. ನಿನ್ನ ಚಿಪ್ ಸರಿಯಾಗಿದೆ.

ಏಪ್ರಿಲ್ಲಿನಲ್ಲಿ ನೀನು ಅಷ್ಟುದ್ದ ಬರೆದೆ. ಡಾಕ್ಟರು, ಡ್ರಮ್ಮು, ಕೆಪಾಸಿಟರ್, ಎಲ್ಲ ಬಂತು. ಅಪ್ಪನ ಹೆಸರು ಒಂದು ಸಾಲಿನಲ್ಲೂ ಬರಲಿಲ್ಲ. ನನ್ನ ಚಾಳಿ ಬಲ್ಲವರು ಅಪ್ಪ ಮತ್ತು ನೀನು ಇಬ್ಬರೇ ಎಂದು ನಾನು ಬರೆದಾಗ ಕೂಡ ನೀನು ಬಾಯಿ ಬಿಡಲಿಲ್ಲ. ಇಷ್ಟು ವರ್ಷ ನನ್ನ ಮನೆಯಲ್ಲಿ, ನನ್ನ ಮೇಜಿನ ಪಕ್ಕದಲ್ಲಿ, ನೀವಿಬ್ಬರೂ ಸೇರಿ ನನ್ನ ಕಿವಿ ಮೇಲೆ ಹೂವಿಟ್ಟು ಓಡಾಡಿಸಿದಿರಿ. ನಾನೊಬ್ಬಳೇ ಅದು ಗೊತ್ತಿಲ್ಲದವಳು.

ಯಾಕೆ ಹೇಳಲಿಲ್ಲ?

ಫ್ಯೂಸು


ಜೂನ್ ೩೦

ಫ್ಯೂಸು,

ಅವರು ಕೇಳಿದ್ದು ಒಂದು ಬೋರ್ಡಿಗೆ. ಉಳಿದ ಅಷ್ಟಕ್ಕೂ ಹಾಕಿದ್ದು ನಾನು. ಅವರಿಗೆ ಆ ವಿಷಯ ಗೊತ್ತೇ ಇರಲಿಲ್ಲ. ಅದನ್ನು ಅವರ ತಲೆಗೆ ಕಟ್ಟಿ ನಾನು ಪಾರಾಗುವುದಕ್ಕೆ ಮನಸ್ಸು ಬರಲಿಲ್ಲ.

ಯಾಕೆ ಎಲ್ಲದಕ್ಕೂ ಹಾಕಿದೆ ಅಂದರೆ, ಅಪ್ಪನ ಆಂಪ್ಲಿಫೈಯರ್ ನಿಲ್ಲದೆ ಹಾಡಿದ ದಿನ ನೀನು ಕೆಳಗೆ ಬಂದು ಒಂದು ಪೂರ್ತಿ ಹಾಡು ನಿಂತು ಕೇಳಿದೆ. "ಚಿಪ್ಪಿ, ಈಗ ನೋಡು, ಪ್ರೋಗ್ರಾಂ ಅಂದ್ರೆ ಇದು" ಅಂದೆ. ನಾವು ಕೆಲಸ ಶುರು ಮಾಡಿದಾಗಿನಿಂದ ನೀನು ಹೊಗಳಿದ ಪ್ರೋಗ್ರಾಂ ಅದೊಂದೇ. ಅದು ಮೋಸ ಎಂದು ಆವತ್ತು ನಿನ್ನ ಮುಖ ನೋಡಿಕೊಂಡು ನನಗೆ ಹೇಳಲಾಗಲಿಲ್ಲ.

ಅಪ್ಪನ ಹೆಸರು ಹೇಳದಿದ್ದುದಕ್ಕೆ ಇನ್ನೊಂದು ಕಾರಣ. ನನ್ನ ಮೇಲೆ ನೀನು ಬಾಗಿಲು ಹಾಕಿಕೊಂಡರೆ ನನಗೆ ಬೇರೆ ಊರಿದೆ, ಕೆಲಸ ಇದೆ. ಅವರ ಮೇಲೆ ಹಾಕಿಕೊಂಡರೆ ಇಬ್ಬರೂ ಒಂದೇ ಮನೆಯಲ್ಲಿ ಹೇಗಿರುತ್ತೀರಿ? ಅವರ ಜೊತೆ ಮಾತಾಡು. ನನ್ನ ಜೊತೆ ಬೇಡ, ಅವರ ಜೊತೆ.

ನಾನು ಒಂದು ಸಲ ಬಂದು ಹೋಗಲಾ?

ಚಿಪ್ಪಿ


ಆಗಸ್ಟ್ ೧೧

ಚಿಪ್ಪಿ,

ಬರಬೇಡ. ಬಂದರೆ ನಾನು ನಿನ್ನನ್ನು ಒಳಗೆ ಕರೆದು, ಬೈದು, ಊಟ ಹಾಕಿ, ಸರಿಹೋಯಿತು ಎಂದುಕೊಂಡುಬಿಡುತ್ತೇನೆ. ನನ್ನ ಕೋಪ ಅಷ್ಟೇ ಎಂದು ನಿನಗೆ ಗೊತ್ತು. ನಿನಗೆ ನನ್ನ ಬಗ್ಗೆ ಗೊತ್ತಿರುವುದೆಲ್ಲ ಈಗ ನನಗೆ ಭಯ.

ಕಟ್ಟಿಕೊಂಡವರಿಗೆಲ್ಲ ಹೊಸ ಚಿಪ್ ತಲುಪಿದೆ. ಜೊತೆಗೆ ಒಂದೊಂದು ಕೆಪಾಸಿಟರ್, ಯಾವ ಕಾಲಿಗೆ ಬೆಸುಗೆ ಹಾಕಬೇಕೆಂಬ ಚಿತ್ರ. ಯಾರ ಮನೆಯಲ್ಲೂ ಏನೂ ಸುಟ್ಟಿಲ್ಲ, ನಮ್ಮದೊಂದು ಬಿಟ್ಟು. ಹಲ್ಲಿನ ಡಾಕ್ಟರು ಇಬ್ಬರಿಗೂ ಬಾಯಿಗೆ ಬಂದ ಹಾಗೆ ಬೈದು, ಆಮೇಲೆ ಈಗ ಡ್ರಮ್ಮು ಅದ್ಭುತವಾಗಿದೆ ಎಂದು ಬರೆದಿದ್ದಾರೆ. ಒಂದು ಕೆಪಾಸಿಟರ್. ಸಾಸಿವೆಗಿಂತ ಸ್ವಲ್ಪ ದೊಡ್ಡದು.

ಮುಂದಿನ ಬೋರ್ಡು ಬಿಡಿಸುತ್ತಿದ್ದೇನೆ. ಮೂಲೆಯಲ್ಲಿ ತಾಮ್ರದಲ್ಲಿ ನಮ್ಮಿಬ್ಬರ ಹೆಸರು ಹಾಕುವ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ನನ್ನದನ್ನೂ ಹಾಕಿಲ್ಲ. ಇದರ ಪ್ರೋಗ್ರಾಂ ಯಾರು ಬರೆಯುತ್ತಾರೋ ಗೊತ್ತಿಲ್ಲ. ಯಾರೇ ಬರೆದರೂ ಇನ್ನು ಮೇಲೆ ನಾನು ಕೂತು ಕಾಯುತ್ತೇನೆ. ನಿನ್ನಿಂದ ಕಲಿತದ್ದು ಅದು.

ಅಪ್ಪನ ಜೊತೆ ಮಾತಾಡು ಅಂದೆ. ಆಡುತ್ತೇನೆ. ಊಟ ಆಯಿತಾ, ಮಾತ್ರೆ ತಗೊಂಡಿರಾ, ಬಾಗಿಲು ಹಾಕಿದಿರಾ. ಅವರು ಈಗ ಬಲಗಡೆಯ ಒಂದೇ ಸ್ಪೀಕರಿನಲ್ಲಿ ಹಾಡು ಕೇಳುತ್ತಾರೆ. ಎಡಗಡೆ ಬರಬೇಕಾದದ್ದು ಬರುವುದೇ ಇಲ್ಲ, ಕೆಲವು ಹಾಡಿನಲ್ಲಿ ಹಾಡುವವರು ಇರುತ್ತಾರೆ, ಕೊಳಲು ಇರುವುದಿಲ್ಲ. ಅವರ ಆಂಪ್ಲಿಫೈಯರಿಗೆ ನಿನ್ನ ಹೊಸ ಚಿಪ್ ಹಾಕಿಕೊಟ್ಟಿದ್ದೇನೆ. ಕೆಪಾಸಿಟರ್ ಹಾಕಿಲ್ಲ. ಹಾಗಾಗಿ ದಪ್ಪ ಸದ್ದು ಬಂದಾಗೆಲ್ಲ ಟಕ್ ಎಂದು ನಿಲ್ಲುತ್ತದೆ. ನಿಂತಾಗ ಅವರು ನನ್ನ ಮುಖ ನೋಡುತ್ತಾರೆ. ನಾನು ಬೋರ್ಡು ನೋಡುತ್ತೇನೆ. ಮತ್ತೆ ಟಕ್ ಎಂದು ಹಾಡು ಬರುವವರೆಗೂ ಮನೆಯಲ್ಲಿ ಸದ್ದೇ ಇರುವುದಿಲ್ಲ. ಯಾಕೆ ಹೀಗೆ ಎಂದು ಅವರು ಕೇಳುವುದಿಲ್ಲ, ಸರಿ ಮಾಡಿಕೊಡು ಎಂದೂ ಅನ್ನುವುದಿಲ್ಲ.

ಕೆಪಾಸಿಟರ್ ನನ್ನ ಮೇಜಿನ ಮೇಲೆಯೇ ಇದೆ. ಎರಡು ಕಾಲು, ಎರಡು ಹನಿ ಸೀಸ. ಇವತ್ತು ಬೆಳಿಗ್ಗೆ ಬೆಸುಗೆ ಕಡ್ಡಿ ಬಿಸಿಗಿಟ್ಟು, ಅದು ಕಾದ ಮೇಲೆ ಆರಿಸಿ ಎದ್ದುಬಂದು ನಿನಗೆ ಈ ಕಾಗದ ಬರೆಯಲು ಕೂತೆ.

ಫ್ಯೂಸು